ಗೋಡೆಯಾಚೆಗೆ ಹೋದ ಅಡಿಕೆ ಸುಲಿಯುವ ಮಿಷನ್

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ಕೃಷಿ ಯಂತ್ರಗಳ ಅಂಗಡಿಯೊಂದಕ್ಕೆ ನಾನು ಕೆಲಸ ಕೇಳಿಕೊಂಡು ಹೋದಾಗ, ಯಜಮಾನರಾದ ವೆಂಕಟೇಶ ಶೆಟ್ಟರು ನನ್ನ ಡಿಪ್ಲೊಮಾ ಸರ್ಟಿಫಿಕೇಟನ್ನು ಬಿಡಿಸಿಯೂ ನೋಡಲಿಲ್ಲ. "ಜನರ ಎದುರು ಮರ್ಯಾದೆ ಹೋದ್ರೆ ತಡ್ಕಳ್ತೀಯಾ?" ಎಂದು ಕೇಳಿದರು. ತಡೆದುಕೊಳ್ಳುತ್ತೇನೆ ಎಂದೆ. "ಹಾಗಾದ್ರೆ ನಾಳೆಯಿಂದ ಬಾ" ಎಂದರು. ನನ್ನ ಇಂಟರ್‌ವ್ಯೂ ಮುಗಿದದ್ದು ಹಾಗೆ.

ಈಗ ಇಂಥ ಅಂಗಡಿಗಳಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, "ಸರ್, ಡೆಮೊ ಕೊಡುವಾಗ ಎಂತ ಎಂತ ನೆನಪಿಡಬೇಕು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸ ಏನೆಂದರೆ, ಹೊಸ ಯಂತ್ರವನ್ನು ಜೀಪಿನ ಹಿಂದೆ ಕಟ್ಟಿಕೊಂಡು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲೂಕಿನ ಯಾವುದೋ ಮನೆಯ ಅಂಗಳಕ್ಕೆ ಹೋಗುವುದು, ಅದನ್ನು ಓಡಿಸಿ ತೋರಿಸುವುದು. ಅಲ್ಲಿ ಮನೆಯವರು, ನೆಂಟರು, ಕೆಲಸದವರು, ಕಾರಣವಿಲ್ಲದೆ ಬಂದ ಪಕ್ಕದ ಮನೆಯವರು ಎಲ್ಲರೂ ನಿಂತಿರುತ್ತಾರೆ. ಯಂತ್ರ ಓಡಿದರೆ ಹೊಗಳಿಕೆ ಯಂತ್ರಕ್ಕೆ. ಓಡದಿದ್ದರೆ ಬೈಗುಳ ನಮಗೆ. ಎರಡೂ ಸಂದರ್ಭದಲ್ಲಿ ಕಡುಬು, ಕಾಫಿ ಸಿಗುತ್ತದೆ. ನಾನು ನರಸಿಂಹರಾಜಪುರದ ಪೇಟೆಯವನು, ಒಳ್ಳೆಯ ಕಡುಬಿನ ರುಚಿ ಕಂಡದ್ದೇ ಈ ಕೆಲಸಕ್ಕೆ ಸೇರಿದ ಮೇಲೆ. ಸಂಬಳಕ್ಕಿಂತ ಅದಕ್ಕೇ ಅಂಟಿಕೊಂಡೆ ಎಂದರೂ ಸುಳ್ಳಲ್ಲ.

ಮರ್ಯಾದೆ ಹೋಗಲು ಹೆಚ್ಚು ದಿನ ಕಾಯಬೇಕಾಗಲಿಲ್ಲ. ಅಡಿಕೆ ಮರ ಹತ್ತುವ ಯಂತ್ರವೊಂದು ಬಂದಿತ್ತು. ಕಾಲಿಗೊಂದು ಚೌಕಟ್ಟು, ಕೈಗೊಂದು ಚೌಕಟ್ಟು, ಒಂದಾದ ಮೇಲೊಂದನ್ನು ಎತ್ತುತ್ತಾ ಮೇಲೆ ಹೋಗಬೇಕು. ಅಂಗಡಿಯ ಹಿಂದಿದ್ದ ಕಂಬದ ಮೇಲೆ ಚೆನ್ನಾಗಿ ಅಭ್ಯಾಸ ಮಾಡಿ ಬೇಗಾರಿನ ಒಂದು ತೋಟಕ್ಕೆ ಹೋದೆ. ಕಂಬಕ್ಕೆ ಪಾಚಿ ಇರುವುದಿಲ್ಲ, ಮರಕ್ಕೆ ಇರುತ್ತದೆ ಎಂಬುದು ಅರ್ಧ ಮರ ಹತ್ತಿದ ಮೇಲೆ ಹೊಳೆಯಿತು. ಕೆಳಗಿದ್ದವರಿಗೆ "ಈಗ ಇಳಿಯುವ ವಿಧಾನ ನೋಡಿ" ಎಂದು ಹೇಳುತ್ತಿದ್ದಂತೆಯೇ ಯಂತ್ರ ಸಮೇತ ಜರ್ರನೆ ಜಾರಿ ನೆಲಕ್ಕೆ ಬಂದು ಕೂತೆ. ಆ ಮನೆಯ ಅಜ್ಜಿ ಕೈ ಬಾಯಿಗಿಟ್ಟುಕೊಂಡು, "ಅಬ್ಬಬ್ಬ, ಇಳಿಯೂದು ಇಷ್ಟು ಸಲೀಸಾ ಮಾರಾಯ! ನಮ್ಮ ಅಡಿಕೆ ಕೊನೆ ತೆಗೆಯೋರಿಗೂ ಬರೂದಿಲ್ಲ ಹೀಗೆ" ಎಂದರು. ಅವರು ನಿಜವಾಗಿಯೂ ಮೆಚ್ಚಿ ಹೇಳಿದ್ದರು. ಅಂಗೈ ಸುಲಿದುಹೋಗಿದ್ದರೂ ನಾನು ಹೌದಮ್ಮ ಎಂದು ನಕ್ಕೆ. ಶೃಂಗೇರಿಯ ಹತ್ತಿರ ಕಳೆ ಕೊಚ್ಚುವ ಮಿಷನ್ ತೋರಿಸುವಾಗ ಕಳೆಯ ಜೊತೆಗೆ ಮನೆಯವರು ಹೊಸದಾಗಿ ನೆಟ್ಟಿದ್ದ ಕಾಳುಮೆಣಸಿನ ಬಳ್ಳಿಗಳನ್ನೂ ನಯವಾಗಿ ಕೊಚ್ಚಿದ್ದೆ. ಅಲ್ಲಿ ಮಾತ್ರ ಕಡುಬು ಸಿಗಲಿಲ್ಲ.

ಶೆಟ್ಟರು ಬೈಯುವುದರಲ್ಲಿ ಧಾರಾಳಿ. ಆದರೆ ಬೈದ ಮೇಲೆ ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್ ಕೊಡಿಸುತ್ತಿದ್ದರು. ಯಾವ ಯಂತ್ರ ಬಂದರೂ ಅದಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಅದರ ಹತ್ತಿರ ಹೋಗಿ "ಮಾನ ಉಳಿಸು" ಎಂದು ಮೆಲ್ಲಗೆ ಹೇಳುತ್ತಿದ್ದರು. ಯಂತ್ರಕ್ಕೆ ಹೇಳುತ್ತಿದ್ದರೋ ನನಗೆ ಹೇಳುತ್ತಿದ್ದರೋ ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಪೀಠಿಕೆ. ನನ್ನ ಕೆಲಸದ ನಿಜವಾದ ಪಾಠ ಕಲಿತದ್ದು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ, ಅಡಿಕೆ ಸುಲಿಯುವ ಮಿಷನ್ ಬಂದ ವರ್ಷ.

ನಮ್ಮ ಕಡೆ ಹಸಿರು ಅಡಿಕೆಯನ್ನು ಕೊಯ್ದು, ಸಿಪ್ಪೆ ಸುಲಿದು, ಬೇಯಿಸಿ ಒಣಗಿಸುತ್ತಾರೆ. ಕೊಯ್ದ ಮೇಲೆ ತಡ ಮಾಡುವಂತಿಲ್ಲ. ಹಲಗೆಗೆ ನೆಟ್ಟಗೆ ಕೂರಿಸಿದ ಮೆಟ್ಟುಗತ್ತಿಯ ಮುಂದೆ ಹೆಂಗಸರು ಸಾಲಾಗಿ ಕೂತು ಒಂದೊಂದೇ ಕಾಯಿ ಸುಲಿಯುತ್ತಿದ್ದ ಕಾಲ ಅದು. ಗುಲಾಬಿ ಅಂಥ ಒಂದು ಗುಂಪಿನ ಮುಂದಾಳು. ಅವಳ ಅತ್ತೆ ಸಿಂಗಾರಮ್ಮ, ನೆರೆಮನೆಯ ಲಲಿತ, ಇನ್ನೊಂದಷ್ಟು ಜನ ಸೇರಿ ಮನೆಯಿಂದ ಮನೆಗೆ ಸುಲಿಯಲು ಹೋಗುತ್ತಿದ್ದರು. ಅಡಿಕೆ ಕೊಯ್ಲಿನ ನಾಲ್ಕು ತಿಂಗಳ ದುಡಿಮೆಯೇ ಅವರಿಗೆ ಮಳೆಗಾಲಕ್ಕೆ ಆಧಾರ. ಆದರೆ ಗುಂಪು ಒಂದು, ಕರೆಯುವ ಮನೆಗಳು ಹಲವು. ನಾರ್ವೆಯ ಶೇಷಗಿರಿ ಹೆಬ್ಬಾರರ ಸರದಿ ಬರುವಷ್ಟರಲ್ಲಿ ಕೊಯ್ದ ಅಡಿಕೆ ಬಣ್ಣ ಕೆಡುತ್ತಿತ್ತು. ಹೆಬ್ಬಾರರು ಬೇಸತ್ತು ನಮ್ಮ ಅಂಗಡಿಗೆ ಬಂದು ಮಿಷನ್ ತೋರಿಸಿ ಎಂದರು. ಅವರ ತಪ್ಪೇನೂ ಇಲ್ಲ.

ನಾನು ಹೋದ ಸಂಜೆ ಹೆಬ್ಬಾರರ ಅಡಿಕೆ ಶೆಡ್ಡಿನಲ್ಲಿ ಗುಲಾಬಿಯ ಗುಂಪು ಸುಲಿಯುತ್ತಿತ್ತು. ಲಲಿತ ಕಥೆ ಹೇಳುತ್ತಿದ್ದಳು. ಗುಂಪಿನಲ್ಲಿ ಟಿವಿ ಇದ್ದದ್ದು ಅವಳ ಮನೆಯಲ್ಲಿ ಮಾತ್ರ. ಹಿಂದಿನ ದಿನದ ಧಾರಾವಾಹಿಯನ್ನು ಮಾರನೆಯ ದಿನ ಸುಲಿಯುವ ಕಡೆ ಪೂರ್ತಿ ಹೇಳುವುದು ಅವಳ ಕೆಲಸ. ಕರೆಂಟು ಹೋಗಿ ನೋಡಲಾಗದಿದ್ದರೆ ತಾನೇ ಕಟ್ಟಿ ಹೇಳುತ್ತಿದ್ದಳು, ಅದು ಟಿವಿಯದ್ದಕ್ಕಿಂತ ಚೆನ್ನಾಗಿರುತ್ತಿತ್ತಂತೆ. ಅವತ್ತಿನ ಕಥೆಯಲ್ಲಿ ಗಂಡ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದಾನೆ, ಹೆಂಡತಿ ಬಾಗಿಲ ತನಕ ಬಂದಿದ್ದಾಳೆ, ಅತ್ತೆ ಅಡ್ಡ ನಿಂತಿದ್ದಾಳೆ. ಅಷ್ಟರಲ್ಲಿ ನಾನು ಮಿಷನ್ನನ್ನು ತಂದು ಆ ಹೆಂಗಸರ ನಟ್ಟನಡುವೆ ಇಟ್ಟೆ. ಬೆಳಕು ಅಲ್ಲೇ ಚೆನ್ನಾಗಿತ್ತು, ಪ್ಲಗ್ಗೂ ಅಲ್ಲೇ ಇತ್ತು. ಸ್ವಿಚ್ ಹಾಕಿದೆ.

ಆ ಸದ್ದನ್ನು ಹೇಗೆ ಹೇಳಲಿ? ತಗಡಿನ ಮಾಡಿನ ಮೇಲೆ ಕಲ್ಲು ಸುರಿದ ಹಾಗೆ. ಲಲಿತಳ ತುಟಿ ಆಡುತ್ತಿತ್ತು, ಮಾತು ಯಾರಿಗೂ ಕೇಳಲಿಲ್ಲ. ಒಂದು ಕಡೆಯಿಂದ ಸಿಪ್ಪೆ ಹಾರಿತು, ಇನ್ನೊಂದು ಕಡೆಯಿಂದ ಅಡಿಕೆ ಉರುಳಿತು. ಹೆಬ್ಬಾರರು ಚಪ್ಪಾಳೆ ತಟ್ಟಿದರು. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಗೋಡೆಗೆ ಒರಗಿ ನಿಂತದ್ದನ್ನು ನಾನು ನೋಡಲೇ ಇಲ್ಲ.

ಮಿಷನ್ ನಿಲ್ಲಿಸಿದ ಮೇಲೆ ಗುಲಾಬಿ ಹತ್ತಿರ ಬಂದಳು. ಕೂಗಾಡಲಿಲ್ಲ. "ಮಂಜಣ್ಣ, ಚಂದ ಉಂಟು ನಿಮ್ಮ ಮಿಷನ್ನು. ನಾಳೆಯಿಂದ ನಾವು ಎಂತ ಮಾಡಾದು, ಅದನ್ನೂ ಒಂಚೂರು ಹೇಳಿ ಹೋಗಿ. ನಾನು ಹೇಗೋ ಗದ್ದೆ ಕೆಲಸಕ್ಕೆ ಹೋದೇನು. ನಮ್ಮ ಅತ್ತೆ ಬಗ್ಗಲಾರಳು, ಅವಳಿಗೆ ಬರೂದು ಇದೊಂದೇ" ಎಂದಳು.

ನನ್ನ ಬ್ಯಾಗಿನಲ್ಲಿದ್ದ ಕಂಪನಿಯ ಪಾಂಪ್ಲೆಟ್ಟಿನ ಮೊದಲ ಸಾಲೇ 'ಇನ್ನು ಆಳುಗಳ ಚಿಂತೆಯಿಲ್ಲ' ಎಂದಿತ್ತು. ಆಳುಗಳಿಗಿರುವ ಚಿಂತೆಯ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ನಾನು ಏನೋ ತೊದಲಿದೆ. ಹೆಬ್ಬಾರರ ಮನೆಯ ಕಡುಬನ್ನು ಅವತ್ತು ತಟ್ಟೆಯಲ್ಲೇ ಬಿಟ್ಟು ಎದ್ದೆ ಎಂದರೆ ನನ್ನ ಸಂಕಟ ನಿಮಗೆ ಅರ್ಥವಾಗಬೇಕು.

ಹೆಬ್ಬಾರರು ಮಿಷನ್ ಕೊಂಡರು. ಕೆಲವೇ ದಿನಗಳಲ್ಲಿ ಅವರ ಫೋನ್ ಬಂತು. "ಏ ಮಂಜುನಾಥ, ನೀನು ಕೊಟ್ಟದ್ದು ಸುಲಿಯೂ ಮಿಷನ್ನೋ, ಜಜ್ಜೂ ಮಿಷನ್ನೋ? ಬಂದು ನೋಡು ಮಾರಾಯ!" ಹೋಗಿ ನೋಡಿದರೆ ಹೆಬ್ಬಾರರು, ಅವರ ಹೆಂಡತಿ, ಹಬ್ಬಕ್ಕೆಂದು ಬಂದ ಅಳಿಯ ಮೂವರೂ ಸಿಪ್ಪೆಯ ರಾಶಿಯಲ್ಲಿ ಮುಳುಗಿದ್ದಾರೆ. ದೊಡ್ಡ ಕಾಯಿ, ಸಣ್ಣ ಕಾಯಿ ಎಲ್ಲ ಒಟ್ಟಿಗೆ ಸುರಿದಿದ್ದಾರೆ. ದೊಡ್ಡವು ಜಜ್ಜಿಹೋಗಿವೆ, ಸಣ್ಣವು ಸಿಪ್ಪೆ ಸಮೇತ ಹೊರಗೆ ಬಂದಿವೆ. ಅಳಿಯ ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. ಪಾಪ, ಹಬ್ಬದೂಟಕ್ಕೆ ಬಂದವನು.

ಮಿಷನ್ನಿಗೆ ಜನ ಬೇಡ ಎಂದು ಪಾಂಪ್ಲೆಟ್ಟು ಬರೆದವನು ಯಾವತ್ತೂ ಅಡಿಕೆ ಶೆಡ್ಡಿಗೆ ಬಂದಿರಲಿಲ್ಲ ಅಂತ ಕಾಣುತ್ತದೆ. ಕಾಯಿಯನ್ನು ಗಾತ್ರಕ್ಕೆ ತಕ್ಕಂತೆ ಆರಿಸಲು ಜನ ಬೇಕು. ಹದವಾಗಿ ಹಾಕಲು ಬೇಕು. ಅರೆಬರೆ ಸುಲಿದದ್ದನ್ನು ಮೆಟ್ಟುಗತ್ತಿಯಲ್ಲಿ ಸರಿಮಾಡಲು ಬೇಕು. ಹಾಗೆಂದು ಹೇಳಿದೆ. ಹೆಬ್ಬಾರರು ಗುಲಾಬಿಗೆ ಹೇಳಿಕಳಿಸಿದರು. ಅವಳು ಬರುವುದಿಲ್ಲ ಎಂದಳು. ಕೂಲಿ ಹಿಂದಿನಷ್ಟೇ ಎಂದರೂ ಬರುವುದಿಲ್ಲ. ಹೆಬ್ಬಾರರಿಗೆ ಸಿಟ್ಟು ಬಂತು. ನನಗೆ ಕುತೂಹಲ ಬಂತು. ನಾನೇ ಅವಳ ಮನೆಗೆ ಹೋದೆ.

ಜಗಲಿಯ ಮೇಲೆ ಸಿಂಗಾರಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದಳು. ಗುಲಾಬಿ ಚಾಪೆ ಹಾಕಿದಳು.

"ಕೆಲಸ ಉಂಟಲ್ಲ ಗುಲಾಬಿ, ಮತ್ತೆ ಯಾಕೆ ಹಟ?" ಎಂದೆ.

"ಹಟ ಎಂತದೂ ಇಲ್ಲ ಮಂಜಣ್ಣ. ಆ ಗಲಾಟೆಲಿ ಹೇಗೆ ಕೂತ್ಕಳಾದು ಹೇಳಿ? ಬೆಳಗಾದ್ರೆ ಮನೆಲಿ ಮಾತಾಡಕ್ಕೆ ಪುರ್ಸೊತ್ತಿಲ್ಲ. ಗದ್ದೆಲಿ ಒಬ್ರು ಆಚೆ, ಒಬ್ರು ಈಚೆ. ನಾವು ನಾಲ್ಕು ಹೆಂಗಸ್ರು ಒಟ್ಟಿಗೆ ಕೂತು ಮಾತಾಡಾದು ಸುಲಿಯೂ ಜಾಗದಲ್ಲಿ ಮಾತ್ರ. ಯಾರ ಮಗಳಿಗೆ ಗಂಡು ನೋಡಿದ್ರು, ಯಾರಿಗೆ ಮೈ ಹುಷಾರಿಲ್ಲ ಎಲ್ಲ ಗೊತ್ತಾಗೂದು ಅಲ್ಲೇ. ಮಾತು ಕೇಳ್ದೆ ಇದ್ರೆ ಈ ಗುಂಪು ಇರಲ್ಲ. ಗುಂಪು ಇಲ್ದೆ ಹೋದ್ರೆ ಅತ್ತೆನ ಯಾರು ಕೆಲಸಕ್ಕೆ ಕರೀತಾರೆ?"

ಸಿಂಗಾರಮ್ಮ ಕುಟ್ಟುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಅವನು ಕಣ್ಣು ಬಿಟ್ನಾ ಇಲ್ವಾ ಅಂತ ನಂಗೆ ಇವತ್ತಿನ ತನಕ ಗೊತ್ತಿಲ್ಲ. ಎಲ್ಲ ನಿನ್ನಿಂದ" ಎಂದಳು. ಲಲಿತ ಹೇಳುತ್ತಿದ್ದ ಧಾರಾವಾಹಿಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದ ಗಂಡನ ವಿಷಯ.

ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಆದರೆ ಜೀಪಿನಲ್ಲಿ ಕೊಪ್ಪಕ್ಕೆ ಬರುವಾಗ ನಗು ನಿಂತುಹೋಯಿತು. ನಮ್ಮ ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಅವಳ ಕಾಲದಲ್ಲಿ ಭತ್ತ ಕುಟ್ಟುವುದು ಮನೆಯಲ್ಲೇ. ರೈಸ್ ಮಿಲ್ ಬಂದ ಮೇಲೆ ಅಜ್ಜಿ ಮಧ್ಯಾಹ್ನ ಒಂದು ಗಳಿಗೆ ಮಲಗಲು ಕಲಿತಳು, ಅವಳ ಭುಜದ ನೋವು ಹೋಯಿತು. ಅದನ್ನೇ ದೊಡ್ಡವರು ಆರ್ಥಿಕ ಬೆಳವಣಿಗೆ ಎನ್ನುವುದಾದರೆ ನನ್ನ ಎರಡೂ ಕೈ ಎತ್ತುತ್ತೇನೆ. ಆದರೆ ಅವರಿವರ ಮನೆಗೆ ಕುಟ್ಟಲು ಹೋಗಿ ಅಕ್ಕಿ ತರುತ್ತಿದ್ದ ಹೆಂಗಸರು ಆಮೇಲೆ ಏನಾದರು ಎಂದು ಕೇಳಿದರೆ ಅಜ್ಜಿಗೂ ಗೊತ್ತಿರಲಿಲ್ಲ. ಯಂತ್ರ ಒಂದು ಕೆಲಸ ತಿಂದು ಎರಡು ಕೆಲಸ ಹೆರುತ್ತದೆ ಎಂದು ಓದಿದವರು ಹೇಳುತ್ತಾರೆ. ಇರಬಹುದು. ಹೆರುವ ತನಕ ಊಟ ಎಲ್ಲಿ ಎಂಬುದನ್ನೂ ಅವರೇ ಹೇಳಿದ್ದರೆ ನನಗೆ ಗುಲಾಬಿಯ ಮುಂದೆ ತೊದಲುವುದು ತಪ್ಪುತ್ತಿತ್ತು.

ಮಾರನೆಯ ದಿನ ಹೆಬ್ಬಾರರ ಮನೆಗೆ ಹೋಗಿ ಮಿಷನ್ನನ್ನು ಶೆಡ್ಡಿನಿಂದ ಹೊರಗೆ ಹಾಕಿದೆ. ದಪ್ಪ ಮಣ್ಣಿನ ಗೋಡೆಯ ಆಚೆ, ಕಿಟಕಿಯ ಕೆಳಗೆ. ಒಳಗೆ ಹೆಂಗಸರು ಕೂತು ಆರಿಸಿ ಹಾಕಿದ ಕಾಯಿ ಕಿಟಕಿಯಿಂದ ಹೊರಗೆ ಇಳಿಯಬೇಕು. ಅದಕ್ಕೆ ಅಡಿಕೆ ಮರದ ದಂಬೆ ಇತ್ತಲ್ಲ! ಮರ ಸೀಳಿ ತಿರುಳು ತೆಗೆದು ತೋಟಕ್ಕೆ ನೀರು ಹಾಯಿಸಲು ಇಡುತ್ತಾರಲ್ಲ, ಅದೇ. ನೀರು ಹರಿಯುವಲ್ಲಿ ಅಡಿಕೆ ಉರುಳದೇ? ಹೆಬ್ಬಾರರು ತಲೆಯಾಡಿಸಿದರು. ಗುಲಾಬಿಗೆ, "ಒಂದು ದಿನ ಬಂದು ನೋಡಿ, ಮಾತು ಕೇಳದಿದ್ದರೆ ವಾಪಸು ಹೋಗಿ" ಎಂದು ಹೇಳಿಕಳಿಸಿದೆ.

ಮೊದಲ ಪ್ರಯೋಗದ ಹೊತ್ತಿಗೆ ಸರಿಯಾಗಿ ಶೆಟ್ಟರು ಬಂದರು. ಕಂಪನಿಯ ಯಂತ್ರಕ್ಕೆ ನಾನು ಮರದ ದಂಬೆ ಕಟ್ಟಿದ ಸುದ್ದಿ ಅವರಿಗೆ ತಲುಪಿತ್ತು. "ಏ ಮಂಜ! ಕಂಪನಿಯೋರು ನೋಡಿದ್ರೆ ಗ್ಯಾರಂಟಿ ಕ್ಯಾನ್ಸಲ್ ಮಾಡ್ತಾರೆ! ನಿನ್ನ ಯಾರು ಇಂಜಿನಿಯರ್ ಮಾಡಿದ್ದು?" ಎನ್ನುತ್ತಾ ದಂಬೆಯ ಕೆಳಗಿನ ತುದಿಗೇ ಬಂದು ನಿಂತರು. ಒಳಗಿನಿಂದ ಲಲಿತ ಒಂದು ಬುಟ್ಟಿ ಕಾಯಿಯನ್ನು ಒಮ್ಮೆಲೇ ಸುರಿದಳು. ದಂಬೆಯನ್ನು ನಾನು ಓರೆ ನೋಡದೆ ಕಡಿದಾಗಿ ಕಟ್ಟಿದ್ದೆ. ಅಡಿಕೆ ಉರುಳಲಿಲ್ಲ, ಹಾರಿತು. ಶೆಟ್ಟರ ಹಣೆಗೊಂದು, ಎದೆಗೆರಡು, ಉಳಿದವು ಹೊಟ್ಟೆಗೆ. ಕಿಟಕಿಯಲ್ಲಿ ಹೆಂಗಸರ ತಲೆಗಳು ಸಾಲಾಗಿ ಮೂಡಿದವು.

ಸಿಂಗಾರಮ್ಮ ಮೊದಲು ನಕ್ಕಳು. ಆಮೇಲೆ ಯಾರನ್ನೂ ತಡೆಯುವ ಹಾಗಿರಲಿಲ್ಲ. ಶೆಟ್ಟರು ಹಣೆ ಉಜ್ಜಿಕೊಂಡು ಸಿಟ್ಟು ಮಾಡಲು ನೋಡಿದರು, ಆಗಲಿಲ್ಲ, ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಓರೆ ಕಮ್ಮಿ ಮಾಡೋ ಪುಣ್ಯಾತ್ಮ!" ಎಂದರು. ಓರೆ ಕಡಿಮೆ ಮಾಡಿದೆ. ಎರಡನೆಯ ಸಲ ಕಾಯಿಗಳು ಮಕ್ಕಳು ಶಾಲೆಗೆ ಹೋಗುವ ಹಾಗೆ ಒಂದರ ಹಿಂದೊಂದು ಹೋದವು. ಮಿಷನ್ ಗೋಡೆಯಾಚೆ ತನ್ನಷ್ಟಕ್ಕೆ ಗುಡುಗುತ್ತಿತ್ತು. ಒಳಗೆ ಅದು ದೂರದ ರೈಸ್ ಮಿಲ್ಲಿನಷ್ಟು ಮಾತ್ರ ಕೇಳುತ್ತಿತ್ತು. ನಾವೆಲ್ಲ ಒಳಗೆ ಹೋಗಿ ಕಿವಿಗೊಟ್ಟು ನಿಂತೆವು. ಲಲಿತ ಗಂಟಲು ಸರಿಮಾಡಿಕೊಂಡು ಹೇಳಿದಳು, "ಅವನು ಕಣ್ಣು ಬಿಟ್ಟ."

ಗುಲಾಬಿ ನನ್ನ ಕಡೆ ನೋಡಿ, "ಕೇಳ್ತದೆ ಮಂಜಣ್ಣ" ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಸಿಪ್ಪೆಯ ಧೂಳು ಎಂದು ಹೇಳಿ ಒರೆಸಿಕೊಂಡೆ, ಯಾರೂ ನಂಬಲಿಲ್ಲ.

ಆಮೇಲಿನದ್ದೆಲ್ಲ ನೋಡನೋಡುತ್ತಿದ್ದಂತೆ ಆಯಿತು. ಇಡೀ ದಿನದ ಸುಲಿಯುವ ಕೆಲಸ ಮಧ್ಯಾಹ್ನದ ಊಟದೊಳಗೆ ಮುಗಿಯತೊಡಗಿತು. ಗುಂಪು ಊಟ ಮಾಡಿ ಇನ್ನೊಂದು ಮನೆಗೆ ಹೋಗುವ ಹಾಗಾಯಿತು. ಸರದಿಗಾಗಿ ಕಾಯುತ್ತಾ ಅಡಿಕೆ ಕೆಡಿಸಿಕೊಳ್ಳುತ್ತಿದ್ದ ಸಣ್ಣ ಬೆಳೆಗಾರರಿಗೂ ಹೊತ್ತಿಗೆ ಸರಿಯಾಗಿ ಸುಲಿಯುವವರು ಸಿಕ್ಕರು. ಶೆಟ್ಟರು ಬಂದವರಿಗೆಲ್ಲ "ಇದು ನಮ್ಮ ಅಂಗಡಿಯ ಸ್ಪೆಷಲ್ ಫಿಟ್ಟಿಂಗು, ನಾನೇ ಯೋಚನೆ ಮಾಡಿದ್ದು" ಎನ್ನುತ್ತಿದ್ದರು. ಹಣೆ ತೋರಿಸಿ ಅದಕ್ಕೆ ಸಾಕ್ಷಿಯನ್ನೂ ಹೇಳುತ್ತಿದ್ದರು.

ಕೆಲವು ವರ್ಷದ ಮೇಲೆ ಗುಲಾಬಿಯ ಗುಂಪು ತನ್ನದೇ ಮಿಷನ್ ಕೊಂಡಿತು. ಅದನ್ನು ಗೂಡ್ಸ್ ಆಟೋದಲ್ಲಿ ಕೂರಿಸಿ, ಯಾರ ಮನೆಗೆ ಹೋದರೂ ಗೋಡೆಯ ಆಚೆ ನಿಲ್ಲಿಸಿ, ಕಿಟಕಿಯಿಂದ ದಂಬೆ ಇಳಿಸುತ್ತಿದ್ದರು. ಆಟೋ ಓಡಿಸುವುದನ್ನು ಗುಲಾಬಿ ಕಲಿತದ್ದು ನಮ್ಮ ಅಂಗಡಿಯ ಹಿಂದಿನ ಮೈದಾನದಲ್ಲಿ. ನಾನು ಪಕ್ಕದಲ್ಲಿ ಕೂತು ದೇವರ ಹೆಸರನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದೆ. ಎಲ್ಲ ಗುಂಪುಗಳ ಕಥೆಯೂ ಹೀಗಾಯಿತು ಎಂದರೆ ಸುಳ್ಳಾಗುತ್ತದೆ. ಮಿಷನ್ ಬಂದ ಮೇಲೆ ಒಡೆದುಹೋದ ಗುಂಪುಗಳಿವೆ, ಮನೆಯಲ್ಲೇ ಉಳಿದ ವಯಸ್ಸಾದ ಹೆಂಗಸರಿದ್ದಾರೆ. ಅವರನ್ನು ದಾರಿಯಲ್ಲಿ ಕಂಡರೆ ನಾನು ಜೀಪು ನಿಲ್ಲಿಸಿ ಮಾತಾಡಿಸಿಯೇ ಮುಂದೆ ಹೋಗುತ್ತಿದ್ದೆ. ಮಕ್ಕಳೇ, ನೀವು ಡೆಮೊ ಕೊಡಲು ಹೋದಾಗ ಪ್ಲಗ್ ಎಲ್ಲಿದೆ ಎಂದು ಆಮೇಲೆ ನೋಡಿ. ಜನ ಎಲ್ಲಿ ಕೂತಿದ್ದಾರೆ, ಯಾಕೆ ಅಲ್ಲೇ ಕೂತಿದ್ದಾರೆ ಎಂದು ಮೊದಲು ನೋಡಿ.

ಕೆಲಸದ ರೀತಿಯೂ ಬದಲಾಯಿತು. ಮೊದಲು ಮಿಷನ್ ಕೆಟ್ಟರೆ ಫೋನ್ ಇಲ್ಲದ ಮನೆಯವರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೇಳಿಕಳಿಸುತ್ತಿದ್ದರು, ಸುದ್ದಿ ಅಂಗಡಿಗೆ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತಿತ್ತು. ಈಗ ಮಿಷನ್ನಿನ ಸದ್ದನ್ನೇ ಮೊಬೈಲಿನಲ್ಲಿ ಹಿಡಿದು ಕಳಿಸುತ್ತಾರೆ. ಕೇಳಿದರೆ ಬೇರಿಂಗೋ ಬೆಲ್ಟೋ ಗೊತ್ತಾಗುತ್ತದೆ. ಒಂದು ಸಲ ಬೇಗಾರಿನಿಂದ ಬಂದ ಸದ್ದನ್ನು ಕೇಳಿ ಕೇಳಿ ತಲೆ ಕೆಡಿಸಿಕೊಂಡು, ಕೊನೆಗೆ ಫೋನ್ ಮಾಡಿದರೆ ಅದು ಅವರ ಮನೆಯವರು ದೋಸೆಗೆ ರುಬ್ಬುತ್ತಿದ್ದ ಗ್ರೈಂಡರ್. ದೋಸೆ ಹೇಗಾಯಿತು ಎಂದು ವಿಚಾರಿಸಿ ಫೋನ್ ಇಟ್ಟೆ.

ನಾನು ನಿವೃತ್ತನಾದ ದಿನ ಅಂಗಡಿಯಲ್ಲಿ ಹಾರ, ಶಾಲು, ಉಪ್ಪಿಟ್ಟು, ಕೇಸರಿಬಾತ್ ಎಲ್ಲ ಆಯಿತು. ಶೆಟ್ಟರಿಗೆ ತುಂಬ ವಯಸ್ಸಾಗಿತ್ತು, ಭಾಷಣ ಮಾಡಲು ಎದ್ದವರು ಅತ್ತು ಕೂತರು. ಅಷ್ಟರಲ್ಲಿ ಅಂಗಡಿಯ ಎದುರು ಗೂಡ್ಸ್ ಆಟೋ ಬಂದು ಅಡ್ಡಾದಿಡ್ಡಿ ನಿಂತಿತು. ಹಿಂದೆ ಬಂದ ಶಿವಮೊಗ್ಗ ಬಸ್ಸಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ಗುಲಾಬಿ ಅವನಿಗೆ ಕೈಯಲ್ಲೇ ತಾಳು ಎಂದು ಹೇಳಿ ಒಳಗೆ ಬಂದಳು.

"ಮಂಜಣ್ಣ, ಇನ್ನು ಎಂತ ಮಾಡ್ತೀರಿ?"

"ಎಂತ ಮಾಡೋದು ಗುಲಾಬಿ? ಮನೆಯಲ್ಲಿರ್ತೇನೆ."

"ನಿಮ್ಮ ಮನೆಯೋರ ಹತ್ರ ಮಾತಾಡಿ ಆಯ್ತು. ಮನೆಲಿದ್ರೆ ಮಿಕ್ಸಿ ಬಿಚ್ಚಿ ಇಡ್ತಾರೆ, ಕರ್ಕಂಡು ಹೋಗಿ ಅಂದ್ರು. ಸೋಮವಾರದಿಂದ ನಮ್ಮ ಗುಂಪಿಗೆ ಬನ್ನಿ. ಕೂಲಿ ಎಲ್ರಿಗೂ ಒಂದೇ, ನಿಮ್ಗೂ ಅಷ್ಟೇ" ಎಂದಳು.

ಎಲ್ಲರೂ ನಕ್ಕರು. ಗುಲಾಬಿ ನಗಲಿಲ್ಲ, ಉತ್ತರಕ್ಕೆ ಕಾಯುತ್ತಾ ನಿಂತಳು. ನಾನು ಆಗಲಿ ಎಂದು ತಲೆಯಾಡಿಸಿದೆ. ಅವಳು ಒಂದು ಪ್ಲೇಟ್ ಕೇಸರಿಬಾತ್ ಕಟ್ಟಿಸಿಕೊಂಡು ಹೋಗಿ ಆಟೋ ತೆಗೆದಳು.

ಸೋಮವಾರ ನಾರ್ವೆಯ ಒಂದು ಮನೆಗೆ ಹೋದೆ. ನನ್ನ ಕೆಲಸ ಗೋಡೆಯಾಚೆ ಮಿಷನ್ನಿನ ಹತ್ತಿರ ಎಂದುಕೊಂಡು ಅಂಗಿಯ ತೋಳು ಮಡಚಿದೆ. ಅಲ್ಲಿ ಲಲಿತಳ ಮಗಳು ಸ್ಪ್ಯಾನರ್ ಹಿಡಿದು ನಿಂತಿದ್ದಳು. "ಅದನ್ನ ಅವಳು ನೋಡ್ಕಳ್ತಾಳೆ, ನೀವು ಒಳಗೆ ಬನ್ನಿ" ಎಂದು ಗುಲಾಬಿ ಕರೆದಳು. ಒಳಗೆ ಹೆಂಗಸರು ರಾಶಿಯ ಸುತ್ತ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾದ ಸಿಂಗಾರಮ್ಮ ದೊಡ್ಡ ಕಾಯಿ, ಸಣ್ಣ ಕಾಯಿ ಆರಿಸುತ್ತಿದ್ದಳು. ಲಲಿತ ಇನ್ನೂ ಕಥೆ ಶುರು ಮಾಡಿರಲಿಲ್ಲ, ನನಗಾಗಿ ಕಾಯುತ್ತಿದ್ದಳಂತೆ. ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಜಾಗ ಮಾಡಿದರು. ನಾನು ಸಿಂಗಾರಮ್ಮನ ಪಕ್ಕದಲ್ಲಿ ಕೂತೆ.